ಅಂಗಡಿ ಬೇರೆ, ಮನೆ ಬೇರೆ

ಸ್ವಂತ ಉದ್ಯಮ ಕಟ್ಟಲು ಹೊರಟವರಿಗೆ ನಮ್ಮಲ್ಲಿ ಬುದ್ಧಿವಾದಕ್ಕೇನೂ ಬರವಿಲ್ಲ. ಎದೆಗಾರಿಕೆ ಬೇಕು, ಹಿಡಿದ ಹಟ ಬಿಡಬಾರದು, ಕೋಳಿ ಕೂಗುವ ಮೊದಲೇ ಎದ್ದು ಧ್ಯಾನಕ್ಕೆ ಕೂರಬೇಕು ಎಂದು ಹೇಳುವ ಪುಸ್ತಕಗಳು, ಶಿಬಿರಗಳು, ಭಾಷಣಗಳು ಊರೂರಲ್ಲಿ ಸಿಗುತ್ತವೆ. ಅವುಗಳಿಂದ ಕೆಲವರಿಗೆ ಒಳ್ಳೆಯದೂ ಆಗಿರಬಹುದು. ಆದರೆ ಅವೆಲ್ಲದರ ತಳದಲ್ಲಿ ಒಂದು ನಂಬಿಕೆ ಕೂತಿದೆ: ಉದ್ಯಮಿಯ ಮನಸ್ಸು ಕುಗ್ಗಿದರೆ ಅದು ಆ ಮನಸ್ಸಿನದೇ ಕೊರತೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ನೇರ್ಪಾಗುತ್ತದೆ ಎಂದು. ನನಗೆ ಇದು ಒಪ್ಪಿಗೆಯಿಲ್ಲ. ಉದ್ಯಮಿಯ ನೆಮ್ಮದಿಯನ್ನು ಹುಡುಕಬೇಕಾದ ಮೊದಲ ಜಾಗ ಅವರ ಲೆಕ್ಕದ ಪುಸ್ತಕ ಎಂದು ನಾನು ತಿಳಿದಿದ್ದೇನೆ. ಎಷ್ಟು ಹೋದರೆ ಸಾಕು ಅಂತ ಮೊದಲೇ ಗೆರೆ ಎಳೆದಿದ್ದಾರೆಯೇ, ಅಂಗಡಿಯ ದುಡ್ಡಿಗೂ ಮನೆಯ ದುಡ್ಡಿಗೂ ನಡುವೆ ಗೋಡೆಯಿದೆಯೇ, ಅಂಗಡಿ ಮುಚ್ಚಿದರೂ ಉಳಿಯುವ ಹೆಸರೊಂದು ಅವರಿಗಿದೆಯೇ ಎಂಬ ಪ್ರಶ್ನೆಗಳು ಧ್ಯಾನಕ್ಕಿಂತ ಮೊದಲು ಬರಬೇಕಾದವು. ಇದನ್ನು ಇವತ್ತು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ವಿಷಯ ಎಷ್ಟು ಗಂಭೀರವಾದದ್ದು ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಹೊರತರುವ ವರದಿಯೇ ಸಾಕ್ಷಿ. 2019ರಲ್ಲಿ ದೇಶದಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡ ವ್ಯಾಪಾರಸ್ಥರು ಮತ್ತು ಉದ್ಯಮಿಗಳ ಸಂಖ್ಯೆ 9,052. ಕೋವಿಡ್ ಬಂದ 2020ರಲ್ಲಿ ಅದು 11,716ಕ್ಕೆ ಏರಿತು. ಆ ವರ್ಷ ರಾಜ್ಯಗಳ ಪಟ್ಟಿಯಲ್ಲಿ ಮೊದಲು ನಿಂತದ್ದು ನಮ್ಮ ಕರ್ನಾಟಕವೇ: 1,772 ಮಂದಿ. ಇವರಲ್ಲಿ ದೊಡ್ಡ ಪಾಲು ಸಣ್ಣ ವ್ಯಾಪಾರಿಗಳದ್ದು, ಬೀದಿಬದಿಯಲ್ಲಿ ಮಾರುವವರದ್ದು. ಪತ್ರಿಕೆಯಲ್ಲಿ ಫೋಟೋ ಬರುವಂಥವರು ಕಡಿಮೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಯಾವ ಸಾವಿಗೂ ಕಾರಣ ಒಂದೇ ಆಗಿರುವುದಿಲ್ಲ. ಪೊಲೀಸರ ನಮೂನೆಯಲ್ಲಿ ಗುರುತು ಹಾಕಿದ ಕಾರಣ ಇಡೀ ಕಥೆಯಾಗುವುದೂ ಇಲ್ಲ. ಆದರೂ ಒಂದೇ ವರ್ಷದಲ್ಲಿ ಅಷ್ಟೊಂದು ಜನರ ಮನೋಬಲ ಏಕಾಏಕಿ ಕುಸಿಯಿತು ಎಂದು ನಂಬುವುದು ಕಷ್ಟ. ಆ ವರ್ಷ ಬದಲಾದದ್ದು ಅವರ ಸ್ವಭಾವವಲ್ಲ, ಅವರ ಗಲ್ಲಾಪೆಟ್ಟಿಗೆ. ಬಾಗಿಲು ಹಾಕಿದ್ದರೂ ಬಾಡಿಗೆ ನಿಲ್ಲಲಿಲ್ಲ, ಬಡ್ಡಿಯೂ ನಿಲ್ಲಲಿಲ್ಲ.

ಇದಕ್ಕೆ ಎದುರಾಗಿ ಹೊರದೇಶದ ಒಂದು ಅಧ್ಯಯನವನ್ನು ತೋರಿಸುವವರಿದ್ದಾರೆ. ಕ್ಯಾಲಿಫೋರ್ನಿಯಾದ ಮನೋವೈದ್ಯ ಮೈಕೇಲ್ ಫ್ರೀಮನ್ ಮತ್ತು ಸಂಗಡಿಗರು 242 ಉದ್ಯಮಿಗಳನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಶೇಕಡಾ 49 ಮಂದಿ ಜೀವನದ ಯಾವುದೋ ಘಟ್ಟದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಅನುಭವಿಸಿದ್ದರು. ಖಿನ್ನತೆಯಂತೂ ಹೋಲಿಕೆಗೆ ತೆಗೆದುಕೊಂಡ ಇತರರಿಗಿಂತ ಎರಡರಷ್ಟಿತ್ತು. ಹಾಗಾದರೆ ಉದ್ಯಮಕ್ಕೆ ಇಳಿಯುವವರ ಮನಸ್ಸೇ ಹಾಗಿರುತ್ತದೆ, ಅತಿಯಾಗಿ ಉತ್ಸಾಹಪಡುವವರು ಅತಿಯಾಗಿ ಕುಗ್ಗುವುದೂ ಸಹಜ, ಇದರಲ್ಲಿ ಲೆಕ್ಕದ ಪುಸ್ತಕ ಏನು ಮಾಡೀತು ಎಂದು ಅವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಆ ಅಧ್ಯಯನ ನಡೆದದ್ದು ಅವರವರೇ ಕೊಟ್ಟ ಉತ್ತರಗಳ ಮೇಲೆ, ಅದೂ ಅಮೆರಿಕದ ಒಂದು ಸಣ್ಣ ಗುಂಪಿನಲ್ಲಿ. ಇನ್ನೊಂದು ವಿಷಯ: ಸೂಕ್ಷ್ಮ ಸ್ವಭಾವದವರು ಉದ್ಯಮಕ್ಕೆ ಹೆಚ್ಚಾಗಿ ಬರುತ್ತಾರೆ ಎಂಬುದು ನಿಜವೇ ಆದರೆ, ಗೋಡೆಗಳು ಇನ್ನಷ್ಟು ಭದ್ರವಾಗಿರಬೇಕಾದ್ದು ಅಂಥವರಿಗೇ ತಾನೆ?

ದುಡ್ಡಿನ ಅನಿಶ್ಚಯ ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಪುರಾವೆಯಿದೆ. ಅರ್ಥಶಾಸ್ತ್ರಜ್ಞ ಸೆಂದಿಲ್ ಮುಲ್ಲೈನಾಥನ್, ಮನಶ್ಶಾಸ್ತ್ರಜ್ಞ ಎಲ್ಡಾರ್ ಶಾಫಿರ್ ಮತ್ತಿಬ್ಬರು ಸೇರಿ ತಮಿಳುನಾಡಿನ 464 ಕಬ್ಬು ಬೆಳೆಗಾರರ ಯೋಚನಾಶಕ್ತಿಯನ್ನು ಎರಡು ಸಲ ಪರೀಕ್ಷಿಸಿದರು. ಕಟಾವಿಗೆ ಮುಂಚೆ, ಕೈ ಖಾಲಿಯಿದ್ದಾಗ ಒಮ್ಮೆ. ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ. ಅದೇ ರೈತ, ಅದೇ ತಲೆ. ಆದರೆ ದುಡ್ಡಿಲ್ಲದ ದಿನಗಳಲ್ಲಿ ಉತ್ತರಗಳು ಗಮನಾರ್ಹವಾಗಿ ಕಳಪೆಯಾಗಿದ್ದವು. 2013ರಲ್ಲಿ ಪ್ರಕಟವಾದ ಈ ಕೆಲಸದ ಅಂಕಿಅಂಶಗಳ ಬಗ್ಗೆ ಆಮೇಲೆ ತಕರಾರುಗಳೂ ಬಂದವು, ಹಾಗಾಗಿ ಇದನ್ನು ವೇದವಾಕ್ಯ ಮಾಡಬೇಕಿಲ್ಲ. ಆದರೂ ಅದು ತೋರಿಸುವ ದಿಕ್ಕು ಅನುಭವಕ್ಕೆ ಹತ್ತಿರವಾಗಿದೆ: ನಾಡಿದ್ದು ಕಂತು ಹೇಗೆ ಕಟ್ಟಲಿ ಎಂಬ ಚಿಂತೆ ತಲೆಯ ಅರ್ಧ ಜಾಗ ಹಿಡಿದುಕೊಂಡಾಗ, ಉಳಿದರ್ಧದಲ್ಲಿ ಮಾಡಿದ ತೀರ್ಮಾನಗಳು ಕೆಡುತ್ತವೆ. ಕೆಟ್ಟ ತೀರ್ಮಾನ ಇನ್ನಷ್ಟು ದುಡ್ಡು ಕಳೆಯುತ್ತದೆ. ಉದ್ಯಮಿ ಹುಚ್ಚುಚ್ಚಾಗಿ ಸಾಲ ಎತ್ತಿದ, ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ ಎಂದು ಆಮೇಲೆ ನಾವು ಆಡಿಕೊಳ್ಳುವ ಕೆಲಸಗಳೆಲ್ಲ ಸಾಮಾನ್ಯವಾಗಿ ಇಂಥ ದಿನಗಳಲ್ಲಿ ಆದವು.

ಈಗ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಎರಡು ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಮಾಲು ಕಳಿಸಿ ಬಿಲ್ಲು ಹಾಕಿದ್ದಾಯಿತು. ದೊಡ್ಡ ಕಂಪನಿಯಿಂದ ದುಡ್ಡು ಬರುವುದು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ. ಆದರೆ ಬಿಲ್ಲಿನ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಇನ್ನೂ ಕೈಗೆ ಬಾರದ ದುಡ್ಡಿಗೆ ತೆರಿಗೆ. ಒಂದನೇ ತಾರೀಖು ಕೆಲಸಗಾರರ ಸಂಬಳ, ಹತ್ತಕ್ಕೆ ಯಂತ್ರದ ಸಾಲದ ಕಂತು, ನಡುವೆ ಕರೆಂಟು ಬಿಲ್ಲು. ಲಾಭದಲ್ಲಿರುವ ಕಾರ್ಖಾನೆಯೇ ಆದರೂ ಅದರ ಒಡೆಯರಿಗೆ ನಿದ್ದೆ ಬರದಿರುವುದಕ್ಕೆ ಇಷ್ಟು ಸಾಕು. ಇದು ಕಾನೂನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ಕಾಲಕ್ಕೆ ಸರಿಯಾಗಿ ಹಣ ಕೊಡದಿದ್ದರೆ, ಕೊಡುವವರೆಗೂ ಖರೀದಿದಾರ ಅದನ್ನು ತನ್ನ ಖರ್ಚಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ನಿಯಮವೂ ಆದಾಯ ತೆರಿಗೆ ಕಾಯ್ದೆಯಲ್ಲಿ ಸೇರಿತು. ಆದರೆ ದೂರು ಕೊಟ್ಟವನಿಗೆ ಬಡ್ಡಿ ಬಂದೀತು, ಮುಂದಿನ ಆರ್ಡರ್ ಬರುತ್ತದೆಯೇ? ಆ ಭಯಕ್ಕೆ ಹೆಚ್ಚಿನವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಇಂಥ ಕಡೆ ಪ್ರಾಣಾಯಾಮ ಹೇಳಿಕೊಡುವುದು ನನಗೆ ಸ್ವಲ್ಪ ಕ್ರೂರ ಎನಿಸುತ್ತದೆ.

ಬರಬೇಕಾದ್ದು ತಡವಾದಾಗ ಆ ತೂತನ್ನು ಮುಚ್ಚುವುದು ಯಾವ ದುಡ್ಡು? ಮನೆಯದ್ದು. ಗೋಡೆ ಬಿರುಕು ಬಿಡುವುದು ಇಲ್ಲಿ. ಮೊದಲು ಉಳಿತಾಯ ಖಾತೆ, ಆಮೇಲೆ ಹೆಂಡತಿಯ ಬಳೆ, ಆಮೇಲೆ ಮನೆಯ ಪತ್ರ ಬ್ಯಾಂಕಿಗೆ, ಅದೂ ಸಾಲದಿದ್ದರೆ ಕೈಸಾಲ, ಕೊನೆಗೆ ಮೀಟರ್ ಬಡ್ಡಿ. ಕಂಪನಿ ಕಾಯ್ದೆ ಕೊಟ್ಟಿರುವ ಸೀಮಿತ ಹೊಣೆಗಾರಿಕೆ ಎಂಬ ರಕ್ಷಣೆ ಇದೆಯಲ್ಲ, ಕಂಪನಿಯ ಸಾಲ ಕಂಪನಿಗೇ ಎಂಬುದು, ಅದು ಸಣ್ಣ ಉದ್ಯಮಿಯ ಮಟ್ಟಿಗೆ ಬಹುಪಾಲು ಕಾಗದದ ಮೇಲಿನ ಮಾತು. ಸಾಲ ಕೊಡುವ ದಿನವೇ ಬ್ಯಾಂಕು ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಂಡಿರುತ್ತದೆ. 2019ರ ಡಿಸೆಂಬರಿನಿಂದ ಇಂಥ ಜಾಮೀನುದಾರರ ಮೇಲೆ ದಿವಾಳಿ ಸಂಹಿತೆಯಡಿ ನೇರವಾಗಿ ಪ್ರಕರಣ ಹೂಡಬಹುದು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇತ್ತ ಖಾಸಗಿ ಸಾಲ ಕೊಟ್ಟವರು ಭದ್ರತೆಗೆಂದು ಸಹಿ ಹಾಕಿದ ಚೆಕ್ಕು ಇಟ್ಟುಕೊಂಡಿರುತ್ತಾರೆ. ಚೆಕ್ಕು ಬೌನ್ಸಾಗಿ ನೋಟಿಸಿಗೂ ದುಡ್ಡು ಕಟ್ಟದಿದ್ದರೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲಾಗಬಹುದು. ವ್ಯಾಪಾರದ ನಷ್ಟ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮನೆಯ ನಷ್ಟವಾಗಿ, ಮಾನದ ಪ್ರಶ್ನೆಯಾಗಿ, ಪೊಲೀಸ್ ಠಾಣೆಯ ಭಯವಾಗಿ ಬೆಳೆಯುತ್ತದೆ. ಒಂದು ಮೆಟ್ಟಿಲನ್ನೂ ಉದ್ಯಮಿಗಳು ಹುಚ್ಚಿಗೆ ಇಳಿದಿರುವುದಿಲ್ಲ. ಈ ತಿಂಗಳೊಂದು ದಾಟಿದರೆ ಸಾಕು ಅಂದುಕೊಂಡೇ ಇಳಿದಿರುತ್ತಾರೆ.

ಹಾಗಾದರೆ ಗೆದ್ದವರು ಏನು ಮಾಡಿದರು? ಭಾರತ ಮೂಲದ ಸಂಶೋಧಕಿ ಸರಸ್ ಸರಸ್ವತಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ನರ ಮಾರ್ಗದರ್ಶನದಲ್ಲಿ ಇದನ್ನೇ ಕೆದಕಿದರು. ದೊಡ್ಡ ಕಂಪನಿಗಳನ್ನು ಕಟ್ಟಿ ನುರಿತ 27 ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ಉದ್ಯಮದ ಸಮಸ್ಯೆಗಳನ್ನಿಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದರು. ಸಿಕ್ಕ ಫಲ ಕುತೂಹಲದ್ದು. ಎಷ್ಟು ಲಾಭ ಬಂದೀತು ಎಂಬ ಲೆಕ್ಕದಿಂದ ಅವರು ಶುರುಮಾಡುತ್ತಿರಲಿಲ್ಲ. ಎಷ್ಟು ಹೋದರೆ ತಡೆದುಕೊಂಡೇವು ಎಂಬ ಲೆಕ್ಕದಿಂದ ಶುರುಮಾಡುತ್ತಿದ್ದರು. ತಾಳಬಹುದಾದ ನಷ್ಟ ಎಂದು ಇದನ್ನು ಕರೆಯಬಹುದು. ಸಾಹಸಿಗಳು ಎಂದು ನಾವು ತಿಳಿದಿದ್ದವರು ಒಳಗೊಳಗೇ ಬಹಳ ಲೆಕ್ಕದ ಮನುಷ್ಯರು. ಇಪ್ಪತ್ತೇಳು ಜನರಿಂದ ಜಗತ್ತಿಗೆಲ್ಲ ನಿಯಮ ಹೇಳಲಾಗದು, ಒಪ್ಪಿದೆ. ಗೆದ್ದವರನ್ನು ಮಾತ್ರ ಕೇಳಿದರೆ ಇದೇ ಲೆಕ್ಕ ಹಾಕಿಯೂ ಸೋತವರ ಕಥೆ ತಪ್ಪಿಹೋಗುತ್ತದೆ ಎಂಬುದನ್ನೂ ಒಪ್ಪಿದೆ. ಆದರೆ ನನ್ನ ಪ್ರಶ್ನೆ ಗೆಲ್ಲುವುದು ಹೇಗೆ ಎಂಬುದಲ್ಲ. ಈ ಲೆಕ್ಕ ಹಾಕಿ ಸೋತವರಿಗೆ ಸೋತ ಮರುದಿನ ಇರಲು ಮನೆ, ತೋರಿಸಲು ಮುಖ ಉಳಿದಿರುತ್ತದೆ. ನನ್ನ ವಾದಕ್ಕೆ ಅಷ್ಟು ಸಾಕು.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಇರುವುದನ್ನೆಲ್ಲ ಪಣಕ್ಕಿಟ್ಟವರೇ ಏನಾದರೂ ಸಾಧಿಸಿದ್ದು. ಕಾಲು ದಡದಲ್ಲೇ ಇಟ್ಟುಕೊಂಡವನು ಈಜು ಕಲಿತಾನೆಯೇ ಎನ್ನುತ್ತಾರೆ. ಉದಾಹರಣೆಗೆ ತಪ್ಪದೆ ಹೇಳುವುದು ಇನ್ಫೋಸಿಸ್ ಕಥೆ: 1981ರಲ್ಲಿ ಸುಧಾ ಮೂರ್ತಿಯವರು ಕೂಡಿಟ್ಟ 10,000 ರೂಪಾಯಿ ಗಂಡನ ಕೈಗಿಟ್ಟದ್ದು. ತ್ಯಾಗದ ಕಥೆಯಾಗಿ ಇದನ್ನು ನಾವು ಕೇಳುತ್ತಾ ಬಂದಿದ್ದೇವೆ. ಆದರೆ ಸುಧಾ ಅವರೇ ಬರೆದಿರುವುದನ್ನು ಗಮನವಿಟ್ಟು ಓದಿದರೆ ಅದರಲ್ಲಿ ಎರಡು ಗೆರೆಗಳು ಕಾಣಿಸುತ್ತವೆ. ಮೊತ್ತ ಇಷ್ಟೇ ಎಂಬುದೊಂದು. ಮೂರು ವರ್ಷ ಸಮಯ, ಅಲ್ಲಿಯವರೆಗೆ ಮನೆಯ ಖರ್ಚು ನನ್ನದು ಎಂಬುದು ಇನ್ನೊಂದು. ಸಾಲದ ಪತ್ರವಿಲ್ಲ, ಮನೆ ಅಡವಿಲ್ಲ, ಮುಗಿಯುವ ತಾರೀಖು ಇದೆ, ಊಟಕ್ಕೆ ಬೇರೆ ದಾರಿ ಇದೆ. ಇದಕ್ಕಿಂತ ಅಚ್ಚುಕಟ್ಟಾದ ಗೋಡೆ ಯಾವ ಲೆಕ್ಕಪರಿಶೋಧಕರು ಕಟ್ಟಿಕೊಟ್ಟಾರು? ಕಥೆ ಬಾಯಿಂದ ಬಾಯಿಗೆ ದಾಟುವಾಗ ತ್ಯಾಗ ಉಳಿಯಿತು, ಷರತ್ತು ಬಿದ್ದುಹೋಯಿತು. ಅದನ್ನು ಕೇಳಿ ಹುಮ್ಮಸ್ಸಿನಿಂದ ಅಪ್ಪನ ಜಮೀನು ಮಾರಿದ ಹುಡುಗರಿಗೆ ಷರತ್ತಿನ ಭಾಗವನ್ನು ಯಾರೂ ಹೇಳಿರಲಿಕ್ಕಿಲ್ಲ.

ಇನ್ನೊಂದು ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ, ಅದು ಹೆಚ್ಚು ತೂಕದ್ದು. ಮನೆಯ ಮುಂದಿನ ಕೋಣೆಯಲ್ಲೇ ಕಿರಾಣಿ ಇಟ್ಟವರಿಗೆ, ತಳ್ಳುಗಾಡಿಯಲ್ಲಿ ಇಡ್ಲಿ ಮಾರುವವರಿಗೆ ಅಂಗಡಿ ಬೇರೆ ಮನೆ ಬೇರೆ ಎಂದರೆ ಏನರ್ಥ? ಬೆಳಗ್ಗೆ ಬಂದ ದುಡ್ಡಿನಲ್ಲೇ ಮಧ್ಯಾಹ್ನದ ಅಕ್ಕಿ ಬರಬೇಕು. ತಡವಾದ ಪಾವತಿಯ ರಕ್ಷಣೆಯೂ ಕಿರಾಣಿಯವರಿಗಿಲ್ಲ. ಅದು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ, ಕೊಂಡು ಮಾರುವವರಿಗಲ್ಲ. ಇವರ ಮಟ್ಟಿಗೆ ಗೋಡೆ ತೆಳ್ಳಗಿರುತ್ತದೆ ಎಂದು ಒಪ್ಪುತ್ತೇನೆ. ಆದರೆ ಗೋಡೆಯ ಅರಿವು ಇವರಲ್ಲಿ ಇಲ್ಲ ಎಂದು ತಿಳಿದರೆ ತಪ್ಪು. ಗಲ್ಲಾದಿಂದ ಮನೆಖರ್ಚಿಗೆ ತೆಗೆದದ್ದನ್ನೂ ಉದ್ರಿ ಪುಸ್ತಕದಲ್ಲಿ ಬರೆಯುವ ಹಳೇ ಶೆಟ್ಟರು, ಬಂಡವಾಳದ ನೋಟನ್ನು ಬೇರೆ ಡಬ್ಬಿಯಲ್ಲಿಟ್ಟು ಅದನ್ನು ಮಾತ್ರ ಮುಟ್ಟದ ಹೂವಿನವರು, ದೀಪಾವಳಿಗೆ ಹಳೇ ಲೆಕ್ಕ ಕಟ್ಟಿ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚುವ ಮಂಡಿಯವರು ನಮ್ಮಲ್ಲಿ ಇದ್ದೇ ಇದ್ದಾರೆ. ವರ್ಷಕ್ಕೊಮ್ಮೆಯಾದರೂ ಲೆಕ್ಕ ಮುಗಿಸಿ ಕೈಮುಗಿಯುವ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಒಂದು ನಿಲುಗಡೆಯೂ ಇದೆ. ತಮಗೆ ತಾವೇ ಇಂತಿಷ್ಟು ಸಂಬಳ ಎಂದು ಗೊತ್ತುಮಾಡಿಕೊಂಡು, ಅದರ ಮೇಲೆ ಗಲ್ಲಾಕ್ಕೆ ಕೈಹಾಕದಿರುವುದು ಎರಡು ಲಕ್ಷದ ವ್ಯಾಪಾರಕ್ಕೂ ಸಾಧ್ಯ, ಇಪ್ಪತ್ತು ಕೋಟಿಯದ್ದಕ್ಕೂ ಸಾಧ್ಯ. ಮನೆಪತ್ರ ಇಡದೆ ಸಾಲ ಸಿಗುವುದೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸಣ್ಣ ಉದ್ಯಮಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತು. ಅದಕ್ಕೂ ಮೇಲ್ಪಟ್ಟದ್ದಕ್ಕೆ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕಾದ ಸಿಡ್‌ಬಿ 2000ದಲ್ಲಿ ಹುಟ್ಟುಹಾಕಿದ ಖಾತರಿ ನಿಧಿಯಿದೆ. ಬ್ಯಾಂಕಿನವರು ಕೇಳಿದ ಕೂಡಲೇ ಪತ್ರ ಕೊಟ್ಟುಬಿಡುವ ಮೊದಲು ಇವುಗಳ ಹೆಸರೆತ್ತಿ ನೋಡಬಹುದು.

ದೊಡ್ಡವರ ಮಾತು ಬಂದಾಗ ನಮಗೆಲ್ಲ ನೆನಪಾಗುವುದು ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದು, ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಮೂಲೆಮೂಲೆಗೆ ಕೊಂಡೊಯ್ದವರು, 2019ರ ಜುಲೈನಲ್ಲಿ ನಮ್ಮನ್ನು ಅಗಲಿದರು. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುವ ಅಧಿಕಾರ ಯಾರಿಗೂ ಇಲ್ಲ, ನಾನೂ ಊಹಿಸುವುದಿಲ್ಲ. ಆಮೇಲೆ ನಡೆದದ್ದನ್ನು ಮಾತ್ರ ಹೇಳುತ್ತೇನೆ, ಅದು ದಾಖಲೆಯಲ್ಲಿದೆ. 2019ರ ಮಾರ್ಚಿನಲ್ಲಿ ಸಮೂಹದ ಮೇಲೆ ಸುಮಾರು 7,200 ಕೋಟಿ ರೂಪಾಯಿ ಸಾಲವಿತ್ತು. ಆಸ್ತಿಗಳನ್ನು, ಮುಖ್ಯವಾಗಿ ಬೆಂಗಳೂರಿನ ಗ್ಲೋಬಲ್ ವಿಲೇಜ್ ತಂತ್ರಜ್ಞಾನ ಪಾರ್ಕನ್ನು ಮಾರಿ, ಎರಡು ವರ್ಷದಲ್ಲಿ ಅದನ್ನು 1,800 ಕೋಟಿಯ ಆಸುಪಾಸಿಗೆ ಇಳಿಸಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಂಸ್ಥೆಯ ಚುಕ್ಕಾಣಿ ಹಿಡಿದರು. ಮುಂದೆ ಮತ್ತೆ ಕಷ್ಟಗಳು ಬಂದವು, ದಿವಾಳಿ ನ್ಯಾಯಮಂಡಳಿಯವರೆಗೂ ಹೋದವು. ಸುಖಾಂತ್ಯ ಎಂದು ನಾನು ಹೇಳುತ್ತಿಲ್ಲ. ಒಂದು ಉದ್ಯಮದ ಸಾಲವನ್ನು, ಅದು ಬೆಟ್ಟದಷ್ಟಿದ್ದರೂ, ಮಾರಿ, ಮುಚ್ಚಿ, ಮಾತಾಡಿ, ಕೋರ್ಟಿಗೆ ಹೋಗಿ ಇತ್ಯರ್ಥಕ್ಕೆ ತರುವ ದಾರಿಗಳು ಇವೆ, ಆ ದಾರಿಗಳಲ್ಲಿ ಬೇರೆಯವರೂ ನಡೆಯಬಲ್ಲರು ಎಂಬುದಷ್ಟೇ ನನ್ನ ಮಾತು. ಒಳಗಿದ್ದವರಿಗೆ ಅದು ಕಾಣದಿರುವುದೇ ಈ ಸಂಕಟದ ಸ್ವಭಾವ. ಆದ್ದರಿಂದಲೇ ಲೆಕ್ಕವನ್ನು ಹೊರಗಿನವರೊಬ್ಬರು ನೋಡುತ್ತಿರಬೇಕು. ಅದು ಆಡಿಟರ್ ಆಗಬಹುದು, ಪಾಲುದಾರರಾಗಬಹುದು, ಅದೇ ಕಸುಬಿನ ಹಿರಿಯರಾಗಬಹುದು. ಮನೆಯವರಾದರಂತೂ ಇನ್ನೂ ಒಳ್ಳೆಯದು. ಅವರನ್ನು ಹೆದರಿಸಬಾರದೆಂದು ಮುಚ್ಚಿಟ್ಟ ಸಾಲ ಒಂದಲ್ಲ ಒಂದು ದಿನ ಅವರ ಬಾಗಿಲಿಗೇ ಬರುತ್ತದೆ.

ಮನಸ್ಸಿನ ವೈದ್ಯರು ಬೇಡವೇ ಎಂದು ಕೇಳಬೇಡಿ, ಖಂಡಿತ ಬೇಕು. ನಿದ್ದೆ ವಾರಗಟ್ಟಲೆ ಹತ್ತಿರ ಸುಳಿಯದಿದ್ದರೆ, ಬದುಕು ಬೇಡವೆನಿಸಿದರೆ, ಲೆಕ್ಕ ಸರಿಹೋಗಲಿ ಆಮೇಲೆ ನೋಡೋಣ ಎಂದು ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, 2022ರ ಅಕ್ಟೋಬರಿನಿಂದ ಹಗಲೂ ರಾತ್ರಿ ತೆರೆದಿದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದುಡಿಮೆಯ ಗಂಟೆಗಳ ವಿಷಯವೂ ಇದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದವು. ಆದರೆ ನೂರು ಗಂಟೆ ದುಡಿದು ನಗುನಗುತ್ತಾ ಇರುವ ಹೋಟೆಲಿನವರೂ ಇದ್ದಾರೆ, ಐವತ್ತು ಗಂಟೆ ದುಡಿದು ರಾತ್ರಿಯಿಡೀ ಸೂರು ನೋಡುವವರೂ ಇದ್ದಾರೆ. ಎರಡನೆಯವರಿಗೆ ರಜೆ ಕೊಟ್ಟು ಕಳಿಸಿದರೂ ಸಾಲ ಅವರ ಜೊತೆಗೇ ರೈಲು ಹತ್ತುತ್ತದೆ.

ಕೊನೆಯದಾಗಿ, ಮುಳುಗುವ ಮುಂಚೆ ಹೋಗಿ ಹೇಳುವುದರ ಬಗ್ಗೆ. ಮೂರು ತಿಂಗಳು, ಅಂದರೆ 90 ದಿನ ಕಂತು ಬಾಕಿಯಾದರೆ ಬ್ಯಾಂಕು ಖಾತೆಯನ್ನು ವಸೂಲಾಗದ ಸಾಲ ಎಂದು ಗುರುತು ಹಾಕುತ್ತದೆ, ಆಮೇಲೆ ಜಪ್ತಿಯ ದಾರಿ ತೆರೆದುಕೊಳ್ಳುತ್ತದೆ. ಬಹಳ ಮಂದಿ ಈ 90 ದಿನವನ್ನು ಮ್ಯಾನೇಜರ ಫೋನು ಎತ್ತದೆ ಕಳೆಯುತ್ತಾರೆ. ಆದರೆ ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಹೊರಡಿಸಿದ, 2016ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಸುತ್ತೋಲೆಯಲ್ಲಿ ಅಳವಡಿಸಿದ ಒಂದು ಚೌಕಟ್ಟಿದೆ. 25 ಕೋಟಿಯವರೆಗಿನ ಸಾಲವಿರುವ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆ ಅದು ಅನ್ವಯ. ಅದರ ಪ್ರಕಾರ ಬ್ಯಾಂಕುಗಳು ಇಂಥ ಖಾತೆಗಳಿಗಾಗಿ ಸಮಿತಿ ಮಾಡಿರಬೇಕು, ಖಾತೆ ಸರಿಪಡಿಸುವುದು, ಕಂತು ಮರುಹೊಂದಿಸುವುದು, ವಸೂಲಿ ಎಂಬ ದಾರಿಗಳನ್ನು ಕೂತು ನೋಡಬೇಕು. ಈ ಚೌಕಟ್ಟು ಬ್ಯಾಂಕುಗಳನ್ನು ಕಟ್ಟಿಹಾಕುತ್ತದೆ, ಆದರೆ ಸಾಲಗಾರರೂ ತಮ್ಮ ದಾಖಲೆಗಳೊಂದಿಗೆ ಸಕಾಲಕ್ಕೆ ಮುಂದೆ ಬರಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬ್ಯಾಂಕು ಕರೆಯುವ ತನಕ ಕಾಯಬೇಕಾಗಿಲ್ಲ. ವ್ಯಾಪಾರ ಕೈಕೊಡಬಹುದು ಎಂಬ ಅನುಮಾನ ಬಂದ ಕೂಡಲೇ, ಇಲ್ಲವೇ ಕೂಡಿಬಂದ ನಷ್ಟ ಒಟ್ಟು ನಿವ್ವಳ ಆಸ್ತಿಯ ಅರ್ಧವನ್ನು ತಿಂದುಹಾಕಿದ ಕೂಡಲೇ, ಉದ್ಯಮಿಯೇ ಅರ್ಜಿ ಹಾಕಬಹುದು. ಅರ್ಧ ಎಂಬ ಆ ಗೆರೆಯನ್ನು ಕಾನೂನೇ ಎಳೆದಿದೆ. ತಮ್ಮ ವ್ಯಾಪಾರ ಆ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಈ ತಿಂಗಳ ಲೆಕ್ಕ ಕಟ್ಟುವಾಗ ಆಡಿಟರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತಾರೆ.